ಸಿ ಎಕ್ಸ್‌ಟೆನ್ಷನ್ ಕಂಪೈಲ್ ಆಗದಿದ್ದಾಗ: ಪೈಥಾನ್ ಬಳಕೆದಾರರಿಗೆ ಹಂತಹಂತದ ಮಾರ್ಗದರ್ಶಿ

ಪೈಥಾನ್‌ನಲ್ಲಿ ಬರೆದ ಲೂಪ್ ತಾಸುಗಟ್ಟಲೆ ಓಡತೊಡಗಿದಾಗ, ಅಥವಾ ಸಿ ಭಾಷೆಯಲ್ಲಿ ಮೊದಲೇ ಸಿದ್ಧವಿರುವ ಲೈಬ್ರರಿಯೊಂದನ್ನು ಪೈಥಾನ್‌ನಿಂದ ಕರೆಯಬೇಕಾದಾಗ ಸಿ ಎಕ್ಸ್‌ಟೆನ್ಷನ್ ಮಾಡ್ಯೂಲಿನ ಅಗತ್ಯ ಬೀಳುತ್ತದೆ. ಹುಬ್ಬಳ್ಳಿಯ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ, ಧಾರವಾಡದ ಎಸ್.ಡಿ.ಎಂ. ಇಂಜಿನಿಯರಿಂಗ್ ಕಾಲೇಜು, ಗದಗಿನ ತೋಂಟದಾರ್ಯ ಇಂಜಿನಿಯರಿಂಗ್ ಕಾಲೇಜು, ಹಾವೇರಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇಂಥ ಕಡೆಗಳಲ್ಲಿ ಅಂತಿಮ ವರ್ಷದ ಪ್ರಾಜೆಕ್ಟ್ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಉದಾಹರಣೆಗೆ ಬ್ಯಾಡಗಿ ಮಾರುಕಟ್ಟೆಯ ಕಡ್ಡಿ ಮತ್ತು ಡಬ್ಬಿ ಮೆಣಸಿನಕಾಯಿಯ ಹಲವು ವರ್ಷಗಳ ದರಪಟ್ಟಿಯ ಮೇಲೆ ಚಲಿಸುವ ಸರಾಸರಿ ಲೆಕ್ಕ ಹಾಕುವ ‘ದರ’ ಎಂಬ ಸಣ್ಣ ಮಾಡ್ಯೂಲನ್ನು ಸಿ ಭಾಷೆಯಲ್ಲಿ ಬರೆದಿದ್ದೀರಿ ಎಂದುಕೊಳ್ಳೋಣ. ಆಜ್ಞೆಗಳನ್ನೂ ದೋಷ ಸಂದೇಶಗಳನ್ನೂ ಇಲ್ಲಿ ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು.

ಕಂಪೈಲ್ ವಿಫಲವಾದಾಗ ಪರದೆಯ ಮೇಲೆ ನೂರಾರು ಸಾಲು ಹರಿದು ಹೋಗುತ್ತವೆ, ಕೊನೆಯಲ್ಲಿ ಕೆಂಪು ಬಣ್ಣದ ಒಂದು ಸಾಲು ಉಳಿಯುತ್ತದೆ, ಬಹಳ ಮಂದಿ ಆ ಒಂದೇ ಸಾಲನ್ನು ಹುಡುಕಾಟದ ಪೆಟ್ಟಿಗೆಗೆ ಹಾಕಿ ಸಿಕ್ಕಿದ ಪರಿಹಾರಗಳನ್ನೆಲ್ಲ ಒಂದರ ಮೇಲೊಂದು ಪ್ರಯೋಗಿಸುತ್ತಾರೆ. ಆ ಕೊನೆಯ ಸಾಲು ಹೇಳುವುದು ಕೆಲಸ ಕೆಟ್ಟಿತು ಎಂಬುದನ್ನಷ್ಟೇ. ಏಕೆ ಕೆಟ್ಟಿತು ಎಂಬುದು ಅದಕ್ಕಿಂತ ಬಹಳ ಮೇಲೆ ಇರುತ್ತದೆ. ಆದ್ದರಿಂದ ಪರಿಹಾರ ಹುಡುಕುವ ಮುನ್ನ ದೋಷ ಯಾವ ಘಟ್ಟದ್ದು ಎಂದು ನಿರ್ಧರಿಸಬೇಕು. ಘಟ್ಟಗಳು ನಾಲ್ಕು. ಮೊದಲಿಗೆ ಪೈಥಾನ್ ಪ್ಯಾಕೇಜುಗಳನ್ನು ಹಾಕಿಕೊಡುವ ಸಾಧನವಾದ ಪಿಪ್ ನಿರ್ಮಾಣಕ್ಕೆ ಬೇಕಾದ ಪರಿಸರವನ್ನು ಸಿದ್ಧಪಡಿಸುತ್ತದೆ; ಆಮೇಲೆ ಕಂಪೈಲರ್ ಸಿ ಕಡತವನ್ನು ಆಬ್ಜೆಕ್ಟ್ ಕಡತವಾಗಿಸುತ್ತದೆ; ನಂತರ ಲಿಂಕರ್ ಆ ಕಡತಗಳನ್ನು ಜೋಡಿಸಿ ಲಿನಕ್ಸ್‌ನಲ್ಲಾದರೆ ಎಸ್‌ಒ, ವಿಂಡೋಸ್‌ನಲ್ಲಾದರೆ ಪಿವೈಡಿ ಕಡತವನ್ನು ಕಟ್ಟುತ್ತದೆ; ಕಡೆಗೆ ಇಂಪೋರ್ಟ್ ಮಾಡಿದಾಗ ಪೈಥಾನ್ ಅದನ್ನು ಲೋಡ್ ಮಾಡಿಕೊಳ್ಳುತ್ತದೆ. ಒಂದು ಘಟ್ಟದ ಔಷಧ ಇನ್ನೊಂದು ಘಟ್ಟದ ರೋಗಕ್ಕೆ ತಾಗುವುದಿಲ್ಲ.

ಮೊದಲ ಹೆಜ್ಜೆ: ಕಂಪೈಲ್ ಮಾಡಲೇಬೇಕೇ ಎಂದು ನೋಡಿ

ನಿಮ್ಮದಲ್ಲದ ಪ್ಯಾಕೇಜೊಂದನ್ನು ಹಾಕಿಕೊಳ್ಳುವಾಗ ದೋಷ ಬಂದಿದ್ದರೆ, ಸಾಮಾನ್ಯವಾಗಿ ಅದು ಕಂಪೈಲ್ ಆಗಬೇಕಾದ ಅಗತ್ಯವೇ ಇರುವುದಿಲ್ಲ. ಹೆಚ್ಚಿನ ಪ್ಯಾಕೇಜುಗಳು ಮೊದಲೇ ಕಂಪೈಲ್ ಆಗಿರುವ ವ್ಹೀಲ್ ರೂಪದಲ್ಲಿ ದೊರೆಯುತ್ತವೆ. ನಿಮ್ಮ ಪೈಥಾನ್ ಆವೃತ್ತಿಗೂ ಯಂತ್ರಕ್ಕೂ ಹೊಂದುವ ವ್ಹೀಲ್ ಸಿಗದಿದ್ದಾಗ ಮಾತ್ರ ಪಿಪ್ ಮೂಲ ಸಂಕೇತವನ್ನು ಇಳಿಸಿಕೊಂಡು ಕಂಪೈಲ್ ಮಾಡಲು ತೊಡಗುತ್ತದೆ. ಪೈಥಾನ್ 3.13 ಬಂದದ್ದು 2024ರ ಅಕ್ಟೋಬರ್‌ನಲ್ಲಿ, 3.14 ಬಂದದ್ದು 2025ರ ಅಕ್ಟೋಬರ್‌ನಲ್ಲಿ. ಹೊಸ ಆವೃತ್ತಿ ಬಂದ ಕೂಡಲೇ ಹಾಕಿಕೊಂಡವರಿಗೆ ಕೆಲವು ತಿಂಗಳುಗಳ ಕಾಲ ಅನೇಕ ಪ್ಯಾಕೇಜುಗಳ ವ್ಹೀಲ್ ಇರುವುದಿಲ್ಲ. ಅಂಥ ಸಂದರ್ಭದಲ್ಲಿ ಒಂದು ಆವೃತ್ತಿ ಹಿಂದಿನ ಪೈಥಾನ್‌ನಲ್ಲಿ ವರ್ಚುವಲ್ ಎನ್ವಿರಾನ್‌ಮೆಂಟ್ (ಪ್ರಾಜೆಕ್ಟಿಗೆಂದೇ ಬೇರೆಯಾಗಿಟ್ಟ ಪೈಥಾನ್ ಪರಿಸರ) ಮಾಡಿಕೊಳ್ಳುವುದೇ ಸರಿಯಾದ ದಾರಿ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ‘--ಓನ್ಲಿ-ಬೈನರಿ’ ಆಯ್ಕೆಗೆ ‘:ಆಲ್:’ ಎಂಬ ಬೆಲೆ ಕೊಟ್ಟು ಪಿಪ್ ಓಡಿಸಿದರೆ, ಹೊಂದುವ ವ್ಹೀಲ್ ಇದೆಯೋ ಇಲ್ಲವೋ ಎಂಬುದು ಕೂಡಲೇ ಗೊತ್ತಾಗುತ್ತದೆ. ಹಾಗೆಯೇ 32 ಬಿಟ್ ಪೈಥಾನ್ ಹಾಕಿಕೊಂಡಿಲ್ಲವೆಂಬುದನ್ನೂ ಖಚಿತಪಡಿಸಿಕೊಳ್ಳಿ. ಹಳೆಯ ಲ್ಯಾಬ್ ಯಂತ್ರಗಳಲ್ಲಿ ಇದು ಈಗಲೂ ಕಾಣಸಿಗುತ್ತದೆ.

ಎರಡನೆಯ ಹೆಜ್ಜೆ: ಪೂರ್ತಿ ಲಾಗ್ ಉಳಿಸಿ, ಮೊದಲ ದೋಷವನ್ನು ಓದಿ

ಪಿಪ್ ತಾನಾಗಿ ಕಂಪೈಲರ್‌ನ ಮಾತುಗಳನ್ನೆಲ್ಲ ತೋರಿಸುವುದಿಲ್ಲ. ‘ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ -ವಿ’ ಎಂದು ಓಡಿಸಿ, ಬರುವುದನ್ನೆಲ್ಲ ಒಂದು ಪಠ್ಯ ಕಡತಕ್ಕೆ ಬರೆಸಿಕೊಳ್ಳಿ. ಬರಿಯ ‘ಪಿಪ್’ ಎನ್ನದೆ ‘ಪೈಥಾನ್ -ಎಂ ಪಿಪ್’ ಎನ್ನುವುದರಲ್ಲಿ ಅರ್ಥವಿದೆ: ಒಂದೇ ಯಂತ್ರದಲ್ಲಿ ಉಬುಂಟುವಿನ ಪೈಥಾನ್, ಕೊಂಡಾದ ಪೈಥಾನ್, ನೀವೇ ಹಾಕಿಕೊಂಡ ಇನ್ನೊಂದು ಪೈಥಾನ್ ಹೀಗೆ ಹಲವು ಇದ್ದಾಗ, ಯಾವ ಪೈಥಾನ್ ಮಾಡ್ಯೂಲನ್ನು ಬಳಸಲಿದೆಯೋ ಅದೇ ಪೈಥಾನ್ ಅದನ್ನು ಕಟ್ಟುತ್ತಿದೆ ಎಂಬ ಖಾತ್ರಿ ಹೀಗೆ ಮಾತ್ರ ಸಿಗುತ್ತದೆ.

ಲಾಗ್ ಕಡತವನ್ನು ತೆರೆದು ಮೇಲಿನಿಂದ ಕೆಳಕ್ಕೆ ‘ಎರರ್’ ಪದದ ಮೊದಲ ಉಲ್ಲೇಖವನ್ನು ಹುಡುಕಿ. ಒಂದು ಹೆಡರ್ ಕಡತವನ್ನು ಸೇರಿಸುವುದು ಬಿಟ್ಟುಹೋದರೆ ಅದರೊಳಗೆ ಘೋಷಿತವಾಗಬೇಕಿದ್ದ ಪ್ರತಿಯೊಂದು ಹೆಸರೂ ಅಪರಿಚಿತವಾಗಿ, ಹತ್ತಾರು ದೋಷಗಳು ಸಾಲುಗಟ್ಟಿ ಬರಬಹುದು. ಅವೆಲ್ಲವೂ ಮೊದಲನೆಯದರ ಮಕ್ಕಳು. ಮೊದಲ ದೋಷದ ಸಾಲಿಗಿಂತ ಸ್ವಲ್ಪ ಮೇಲೆ ಕಂಪೈಲರನ್ನು ಕರೆದ ಉದ್ದನೆಯ ಆಜ್ಞೆ ಇರುತ್ತದೆ; ಅದರಲ್ಲಿ ‘-ಐ’ ಎಂದು ಆರಂಭವಾಗುವ ದಾರಿಗಳು ಹೆಡರ್‌ಗಳನ್ನು ಎಲ್ಲಿ ಹುಡುಕಲಾಗುತ್ತಿದೆ ಎಂಬುದನ್ನೂ, ದೊಡ್ಡಕ್ಷರದ ‘-ಎಲ್’ ಲೈಬ್ರರಿಗಳ ಡೈರೆಕ್ಟರಿಯನ್ನೂ, ಸಣ್ಣಕ್ಷರದ ‘-ಎಲ್’ ಲೈಬ್ರರಿಯ ಹೆಸರನ್ನೂ ಹೇಳುತ್ತವೆ. ಆ ಒಂದು ಸಾಲನ್ನು ಓದಲು ಕಲಿತವರಿಗೆ ಅರ್ಧ ಸಮಸ್ಯೆ ಅಲ್ಲಿಯೇ ಬಗೆಹರಿಯುತ್ತದೆ.

ಕಂಪೈಲರ್ ಸಾಲೇ ಕಾಣದೆ ದೋಷ ಬಂದಿದ್ದರೆ ಅದು ಸಿದ್ಧತೆಯ ಘಟ್ಟದ್ದು. ಇಲ್ಲಿ ಎರಡು ಸಂದೇಶಗಳು ಮತ್ತೆ ಮತ್ತೆ ಎದುರಾಗುತ್ತವೆ. ಒಂದು, ಪ್ಯಾಕೇಜು ಕಟ್ಟಲು ಹಿಂದೆ ಪೈಥಾನ್ ಜೊತೆಗೇ ಬರುತ್ತಿದ್ದ ಡಿಸ್ಟ್‌ಯುಟಿಲ್ಸ್ ಎಂಬ ಮಾಡ್ಯೂಲ್ ಇಲ್ಲ ಎಂಬುದು. 2023ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.12 ಅದನ್ನು ತೆಗೆದುಹಾಕಿತು. ಅದೇ ಆವೃತ್ತಿಯಿಂದ ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್‌ಗಳಲ್ಲಿ ಪ್ಯಾಕೇಜು ಕಟ್ಟುವ ಇನ್ನೊಂದು ಸಾಧನವಾದ ಸೆಟಪ್‌ಟೂಲ್ಸ್ ಕೂಡ ತಾನಾಗಿ ಬರುವುದಿಲ್ಲ. ಸೆಟಪ್‌ಟೂಲ್ಸ್ ತನ್ನೊಳಗೆ ಡಿಸ್ಟ್‌ಯುಟಿಲ್ಸ್‌ನ ಪ್ರತಿಯನ್ನು ಇಟ್ಟುಕೊಂಡಿರುವುದರಿಂದ ಅದನ್ನು ಹಾಕಿಕೊಂಡರೆ ಹೆಚ್ಚಿನ ಹಳೆಯ ಸೆಟಪ್ ಕಡತಗಳು ನಡೆಯುತ್ತವೆ. ಇನ್ನೊಂದು, ಅಂಕಿಗಳ ಅರೇ ಲೆಕ್ಕದ ಲೈಬ್ರರಿಯಾದ ನಂಪೈ ಹಾಕಿಕೊಂಡಿದ್ದರೂ ‘ನಂಪೈ ಎಂಬ ಮಾಡ್ಯೂಲ್ ಇಲ್ಲ’ ಎಂಬ ದೂರು. ಪಿಪ್ ನಿರ್ಮಾಣಕ್ಕೆಂದು ಪ್ರತ್ಯೇಕವಾದ ತಾತ್ಕಾಲಿಕ ಪರಿಸರವನ್ನು ಮಾಡಿಕೊಳ್ಳುತ್ತದೆ. ನಿಮ್ಮ ಪರಿಸರದಲ್ಲಿರುವುದು ಅದಕ್ಕೆ ಕಾಣುವುದಿಲ್ಲ. ಪ್ಯಾಕೇಜು ನಿಮ್ಮದೇ ಆಗಿದ್ದರೆ ಪೈಪ್ರಾಜೆಕ್ಟ್.ಟಾಮಲ್ ಕಡತದ ನಿರ್ಮಾಣ ಅಗತ್ಯಗಳ ಪಟ್ಟಿಗೆ ನಂಪೈಯನ್ನು ಸೇರಿಸಿ. ಬೇರೆಯವರದಾಗಿದ್ದರೆ ‘--ನೋ-ಬಿಲ್ಡ್-ಐಸೊಲೇಷನ್’ ಬಳಸಬಹುದು, ಆದರೆ ಆಗ ಸೆಟಪ್‌ಟೂಲ್ಸ್ ಸಹಿತ ಬೇಕಾದುದನ್ನೆಲ್ಲ ಮುಂಚೆಯೇ ನೀವೇ ಹಾಕಿಟ್ಟಿರಬೇಕು.

ಮೂರನೆಯ ಹೆಜ್ಜೆ: ಕಂಪೈಲರ್ ಮತ್ತು ಪೈಥಾನ್ ಹೆಡರ್

ಉಬುಂಟು ಮತ್ತು ಡೆಬಿಯನ್‌ನಲ್ಲಿ ‘ಬಿಲ್ಡ್-ಎಸೆನ್ಷಿಯಲ್’ ಪ್ಯಾಕೇಜು ಜಿಸಿಸಿ ಕಂಪೈಲರನ್ನೂ ಮೇಕ್ ಸಾಧನವನ್ನೂ ತರುತ್ತದೆ. ಅದಾದ ಮೇಲೂ ‘ಪೈಥಾನ್.ಎಚ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂದು ಬಂದರೆ ಹೆಡರ್‌ಗಳ ಪ್ಯಾಕೇಜು ಬೇಕು: ಉಬುಂಟುವಿನಲ್ಲಿ ‘ಪೈಥಾನ್3-ಡೆವ್’, ಫೆಡೋರಾದಲ್ಲಿ ‘ಪೈಥಾನ್3-ಡೆವೆಲ್’. ಇಲ್ಲೊಂದು ತೊಡಕಿದೆ. ಉಬುಂಟು 22.04ರ ಸ್ವಂತ ಪೈಥಾನ್ 3.10, 24.04ರದು 3.12. ನೀವು ಬೇರೆ ಮೂಲದಿಂದ 3.11 ಹಾಕಿಕೊಂಡು ‘ಪೈಥಾನ್3-ಡೆವ್’ ತಂದರೆ ಬರುವುದು ಉಬುಂಟುವಿನ ಸ್ವಂತ ಆವೃತ್ತಿಯ ಹೆಡರ್. ನಿಮಗೆ ಬೇಕಾದದ್ದು ‘ಪೈಥಾನ್3.11-ಡೆವ್’. ಪ್ಯಾಕೇಜು ಹಾಕಿದ್ದೇನೆ, ಆದರೂ ಅದೇ ದೋಷ ಎನ್ನುವವರು ‘ಪೈಥಾನ್ -ಎಂ ಸಿಸ್‌ಕಾನ್ಫಿಗ್’ ಓಡಿಸಿ, ‘ಇನ್‌ಕ್ಲೂಡ್’ ಎಂಬ ಸಾಲು ತೋರಿಸುವ ಡೈರೆಕ್ಟರಿಯಲ್ಲಿ ಪೈಥಾನ್.ಎಚ್ ನಿಜಕ್ಕೂ ಇದೆಯೇ ಎಂದು ಕಣ್ಣಾರೆ ನೋಡಬೇಕು.

ವಿಂಡೋಸ್‌ನಲ್ಲಿ ‘ಮೈಕ್ರೋಸಾಫ್ಟ್ ವಿಷುವಲ್ ಸಿ++ 14.0 ಅಥವಾ ಅದಕ್ಕಿಂತ ಹೊಸದು ಬೇಕು’ ಎಂಬ ಸಂದೇಶ ಬರುತ್ತದೆ. ಇದಕ್ಕೆ ವಿಷುವಲ್ ಸ್ಟುಡಿಯೋ ಬಿಲ್ಡ್ ಟೂಲ್ಸ್ ಇಳಿಸಿಕೊಂಡು, ಸಿ++ ಡೆಸ್ಕ್‌ಟಾಪ್ ಅಭಿವೃದ್ಧಿಯ ವಿಭಾಗವನ್ನು ಆಯ್ದುಕೊಳ್ಳಬೇಕು. ಚಾಲನೆಗೆ ಬೇಕಾಗುವ ರಿಡಿಸ್ಟ್ರಿಬ್ಯೂಟಬಲ್ ಕಡತವೊಂದೇ ಸಾಲದು, ಏಕೆಂದರೆ ಅದರಲ್ಲಿ ಕಂಪೈಲರ್ ಇರುವುದಿಲ್ಲ. ಈ ಡೌನ್‌ಲೋಡ್ ಹಲವು ಗಿಗಾಬೈಟ್‌ನದು. ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡು ಊರಿನಲ್ಲಿ ಕೂತು ಮಾಡುವ ಬದಲು ಕಾಲೇಜಿನ ಜಾಲದಲ್ಲಿಯೇ ಮುಗಿಸಿಕೊಳ್ಳುವುದು ಒಳ್ಳೆಯದು. ಮ್ಯಾಕ್‌ನಲ್ಲಿ ‘ಎಕ್ಸ್‌ಕೋಡ್-ಸೆಲೆಕ್ಟ್ --ಇನ್‌ಸ್ಟಾಲ್’ ಸಾಕು.

ಪ್ರಾಜೆಕ್ಟ್ ಇರುವ ಫೋಲ್ಡರ್‌ನ ದಾರಿಯಲ್ಲಿ ಖಾಲಿ ಜಾಗ ಇರದಂತೆ ನೋಡಿಕೊಳ್ಳಿ. ಮೇಕ್ ಆಧರಿಸಿದ ನಿರ್ಮಾಣಗಳು ಖಾಲಿ ಜಾಗದಲ್ಲಿ ದಾರಿಯನ್ನು ಎರಡಾಗಿ ಕಡಿದುಕೊಂಡು ಅಸಂಬದ್ಧವಾದ ದೋಷಗಳನ್ನು ಕೊಡುತ್ತವೆ.

ನಾಲ್ಕನೆಯ ಹೆಜ್ಜೆ: ಮೂರನೆಯವರ ಲೈಬ್ರರಿಗಳು

ಪೈಥಾನ್.ಎಚ್ ಸಿಕ್ಕಿ ಬೇರೊಂದು ಹೆಡರ್ ಸಿಗದಿದ್ದರೆ, ಆ ಪ್ಯಾಕೇಜು ಅವಲಂಬಿಸಿರುವ ಸಿ ಲೈಬ್ರರಿಯ ಅಭಿವೃದ್ಧಿ ಕಡತಗಳು ನಿಮ್ಮಲ್ಲಿಲ್ಲ ಎಂದರ್ಥ. ಸೈಕೋಪಿಜಿ2 ‘ಪಿಜಿ_ಕಾನ್ಫಿಗ್ ಸಿಗಲಿಲ್ಲ’ ಎಂದರೆ ಉಬುಂಟುವಿನಲ್ಲಿ ‘ಲಿಬ್‌ಪಿಕ್ಯೂ-ಡೆವ್’ ಬೇಕು. ಎಲ್‌ಎಕ್ಸ್‌ಎಂಎಲ್‌ಗೆ ‘ಲಿಬ್‌ಎಕ್ಸ್‌ಎಂಎಲ್2-ಡೆವ್’ ಮತ್ತು ‘ಲಿಬ್‌ಎಕ್ಸ್‌ಎಸ್‌ಎಲ್‌ಟಿ1-ಡೆವ್’, ಸಿಎಫ್‌ಎಫ್‌ಐಗೆ ‘ಲಿಬ್‌ಎಫ್‌ಎಫ್‌ಐ-ಡೆವ್’, ಮೈಎಸ್‌ಕ್ಯೂಎಲ್‌ಕ್ಲಯಂಟ್‌ಗೆ ‘ಡೀಫಾಲ್ಟ್-ಲಿಬ್‌ಮೈಎಸ್‌ಕ್ಯೂಎಲ್‌ಕ್ಲಯಂಟ್-ಡೆವ್’ ಜೊತೆಗೆ ‘ಪಿಕೆಜಿ-ಕಾನ್ಫಿಗ್’. ಈ ಪಟ್ಟಿಯನ್ನು ಬಾಯಿಪಾಠ ಮಾಡಬೇಕಾಗಿಲ್ಲ. ‘ಆಪ್ಟ್-ಫೈಲ್’ ಎಂಬ ಸಾಧನವನ್ನು ಹಾಕಿಕೊಂಡು, ಒಮ್ಮೆ ಅದರ ಸೂಚಿಯನ್ನು ನವೀಕರಿಸಿ, ಕಾಣೆಯಾದ ಹೆಡರ್‌ನ ಹೆಸರನ್ನು ಕೊಟ್ಟರೆ ಅದು ಯಾವ ಪ್ಯಾಕೇಜಿನಲ್ಲಿದೆ ಎಂದು ಅದೇ ಹೇಳುತ್ತದೆ. ಲೈಬ್ರರಿ ಇದೆ, ಆದರೆ ಹೆಡರ್ ಇಲ್ಲ ಎಂಬುದು ಹೊಸಬರಿಗೆ ವಿಚಿತ್ರವಾಗಿ ಕಾಣುತ್ತದೆ. ಬರಿಯ ಬಳಕೆಗೆ ಹೆಡರ್ ಬೇಡವಾದ್ದರಿಂದ ಲಿನಕ್ಸ್ ವಿತರಣೆಗಳು ಅವನ್ನು ‘ಡೆವ್’ ಎಂದು ಬೇರೆಯಾಗಿ ಕಟ್ಟುತ್ತವೆ.

ನಂಪೈ ಹೆಡರ್ ಮಾತ್ರ ಈ ಕ್ರಮಕ್ಕೆ ಹೊರತು. ಅದು ನಂಪೈ ಪ್ಯಾಕೇಜಿನೊಳಗೇ ಇರುತ್ತದೆ. ‘ದರ’ ಮಾಡ್ಯೂಲು ನಂಪೈ ಅರೇಗಳನ್ನು ತೆಗೆದುಕೊಳ್ಳುವುದಾದರೆ, ಸೆಟಪ್ ಕಡತದಲ್ಲಿ ಹೆಡರ್ ಡೈರೆಕ್ಟರಿಗಳ ಪಟ್ಟಿಗೆ ನಂಪೈನ ‘ಗೆಟ್_ಇನ್‌ಕ್ಲೂಡ್’ ಫಂಕ್ಷನ್ ಮರಳಿಸುವ ದಾರಿಯನ್ನು ಸೇರಿಸಬೇಕು.

ಐದನೆಯ ಹೆಜ್ಜೆ: ಸಿ ಸಂಕೇತ ಪೈಥಾನ್‌ಗಿಂತ ಹಳೆಯದಾದಾಗ

ಹೆಡರ್‌ಗಳೆಲ್ಲ ಸಿಕ್ಕರೂ ಸಂಕೇತದ ನಡುವೆ ದೋಷ ಬಂದರೆ, ಪ್ಯಾಕೇಜು ಬರೆದ ಕಾಲದ ಪೈಥಾನ್ ಬೇರೆ, ನಿಮ್ಮ ಕೈಯಲ್ಲಿರುವ ಪೈಥಾನ್ ಬೇರೆ ಎಂದು ತಿಳಿಯಬೇಕು. ಕೆಲವು ಗುರುತುಗಳು ಎಷ್ಟು ಸ್ಪಷ್ಟವೆಂದರೆ ಸಂದೇಶ ನೋಡಿದೊಡನೆ ಆವೃತ್ತಿ ಹೇಳಬಹುದು. ‘ಲಾಂಗ್‌ಇಂಟ್‌ರೆಪರ್.ಎಚ್’ ಸಿಗಲಿಲ್ಲ ಎಂದರೆ, ಆ ಹೆಡರ್ ತನ್ನ ಹಳೆಯ ಜಾಗ ಬಿಟ್ಟ ಪೈಥಾನ್ 3.11 ಅಥವಾ ನಂತರದ ಮೇಲೆ ಹಳೆಯ ಸೈಥಾನ್ (ಪೈಥಾನ್‌ನಂಥ ಸಂಕೇತವನ್ನು ಸಿ ಆಗಿಸುವ ಸಾಧನ) ಹುಟ್ಟಿಸಿದ ಸಿ ಕಡತ ಕಂಪೈಲ್ ಆಗುತ್ತಿದೆ. ಪೂರ್ಣಾಂಕದ ರಚನೆಯಲ್ಲಿ ‘ಒಬಿ_ಡಿಜಿಟ್’ ಎಂಬ ಸದಸ್ಯ ಇಲ್ಲ ಎಂದರೆ ಅದು 3.12ರಲ್ಲಿ ಆದ ಬದಲಾವಣೆ. ಇಂಥ ಸಿ ಕಡತವನ್ನು ಕೈಯಿಂದ ತಿದ್ದಲು ಹೋಗಬಾರದು. ಪ್ಯಾಕೇಜಿನ ಹೊಸ ಆವೃತ್ತಿ ತರಬೇಕು. ಅದಿಲ್ಲದಿದ್ದರೆ ಮೂಲ ಪಿವೈಎಕ್ಸ್ ಕಡತದಿಂದ ಹೊಸ ಸೈಥಾನ್ ಬಳಸಿ ಸಿ ಕಡತವನ್ನು ಮರುಸೃಷ್ಟಿಸಬೇಕು.

ಕಂಪೈಲರ್ ಕೂಡ ಬದಲಾಗಿದೆ. 2024ರಲ್ಲಿ ಬಂದ ಜಿಸಿಸಿ 14, ಘೋಷಣೆ ಇಲ್ಲದ ಫಂಕ್ಷನ್ನನ್ನು ಕರೆಯುವುದನ್ನೂ, ಹೊಂದದ ಪಾಯಿಂಟರ್‌ಗಳನ್ನು ಒಂದಕ್ಕೊಂದು ಕೊಡುವುದನ್ನೂ ಎಚ್ಚರಿಕೆಯಿಂದ ದೋಷದ ಮಟ್ಟಕ್ಕೆ ಏರಿಸಿತು. ಫೆಡೋರಾ 40ರಲ್ಲಿರುವುದು ಇದೇ, ಉಬುಂಟು 24.04ರಲ್ಲಿ ಜಿಸಿಸಿ 13 ಇದೆ. ಆದ್ದರಿಂದ ಗೆಳೆಯನ ಯಂತ್ರದಲ್ಲಿ ಕಂಪೈಲ್ ಆದ ಕಡತ ನಿಮ್ಮಲ್ಲಿ ಆಗದಿರಬಹುದು. ‘ಸಿಫ್ಲಾಗ್ಸ್’ ಎಂಬ ಪರಿಸರ ಚರಕ್ಕೆ ‘-ಡಬ್ಲ್ಯುನೋ-ಎರರ್=ಇಂಪ್ಲಿಸಿಟ್-ಫಂಕ್ಷನ್-ಡಿಕ್ಲರೇಷನ್’ ಎಂದು ಕೊಟ್ಟು ಮತ್ತೆ ಎಚ್ಚರಿಕೆಯಾಗಿಸಬಹುದೆಂಬುದು ನಿಜ. ಆದರೆ ಇದರಲ್ಲಿ ಅಪಾಯವಿದೆ. ಘೋಷಣೆ ಇಲ್ಲದ ಫಂಕ್ಷನ್ ಪೂರ್ಣಾಂಕವನ್ನು ಮರಳಿಸುತ್ತದೆ ಎಂದು ಕಂಪೈಲರ್ ಊಹಿಸುತ್ತದೆ. ಅದು ನಿಜವಾಗಿ ಪಾಯಿಂಟರ್ ಮರಳಿಸುವುದಾದರೆ 64 ಬಿಟ್‌ನ ವಿಳಾಸ 32 ಬಿಟ್‌ಗೆ ಮೊಟಕಾಗಿ, ಓಡುವಾಗ ಪ್ರೋಗ್ರಾಂ ಕುಸಿಯುತ್ತದೆ. ಇನ್ನು ಆ ಫಂಕ್ಷನ್ ಪೈಥಾನ್‌ನಿಂದಲೇ ತೆಗೆಯಲಾದದ್ದಾಗಿದ್ದರೆ, ಉದಾಹರಣೆಗೆ 3.12ರಲ್ಲಿ ಹೋದ ‘ಪೈಯುನಿಕೋಡ್_ಎಎಸ್_ಯುನಿಕೋಡ್’, ಕಂಪೈಲ್ ಆಗಿಯೂ ಇಂಪೋರ್ಟ್‌ನಲ್ಲಿ ಸಿಕ್ಕಿಬೀಳುತ್ತದೆ. ಸಂದೇಶವನ್ನು ಬಾಯಿ ಮುಚ್ಚಿಸುವುದಕ್ಕಿಂತ ಸರಿಯಾದ ಹೆಡರ್ ಸೇರಿಸುವುದು ಮೇಲು.

ಯಾವ ಸಾಲನ್ನೂ ದೂರದೆ ‘ಕಿಲ್ಡ್’ ಎಂದಷ್ಟೇ ಹೇಳಿ ಕಂಪೈಲರ್ ನಿಂತರೆ ಸಂಕೇತದ ತಪ್ಪಿಲ್ಲ, ಮೆಮೊರಿ ಸಾಲಲಿಲ್ಲ. ‘ಮೇಕ್‌ಫ್ಲಾಗ್ಸ್’ ಚರಕ್ಕೆ ‘-ಜೆ1’ ಕೊಟ್ಟು ಒಂದೊಂದೇ ಕಡತವನ್ನು ಕಂಪೈಲ್ ಮಾಡಿಸಿ, ಇಲ್ಲವೇ ಸ್ವಾಪ್ ಹೆಚ್ಚಿಸಿ.

ಆರನೆಯ ಹೆಜ್ಜೆ: ಲಿಂಕ್ ಮತ್ತು ಇಂಪೋರ್ಟ್

ಈ ಎರಡು ಘಟ್ಟಗಳನ್ನು ಒಟ್ಟಿಗೆ ಹೇಳುವುದಕ್ಕೆ ಕಾರಣವಿದೆ. ‘ಕೆನಾಟ್ ಫೈಂಡ್ -ಎಲ್’ ಎಂದು ಲಿಂಕರ್ ಹೇಳಿದರೆ ಸುಲಭ: ಆ ಹೆಸರಿನ ಲೈಬ್ರರಿಯ ‘ಡೆವ್’ ಪ್ಯಾಕೇಜು ಹಾಕಿ, ಅಥವಾ ಅದಿರುವ ಡೈರೆಕ್ಟರಿಯನ್ನು ತಿಳಿಸಿ. ಆದರೆ ಲೈಬ್ರರಿಯ ಹೆಸರನ್ನು ಕೊಡುವುದನ್ನೇ ನೀವು ಮರೆತಿದ್ದರೆ ಲಿನಕ್ಸ್‌ನ ಲಿಂಕರ್ ಸುಮ್ಮನಿರುತ್ತದೆ. ಎಕ್ಸ್‌ಟೆನ್ಷನ್ನಿನಲ್ಲಿ ಬಳಸಿರುವ ಪೈಥಾನ್‌ನ ಫಂಕ್ಷನ್‌ಗಳು ಹೇಗೂ ಲೋಡ್ ಆಗುವಾಗ ಇಂಟರ್‌ಪ್ರಿಟರ್‌ನಿಂದಲೇ ಸಿಗಬೇಕಾದುವಾದ್ದರಿಂದ, ಹಂಚಿಕೆಯ ಲೈಬ್ರರಿಯಲ್ಲಿ ಬಿಟ್ಟುಹೋದ ಹೆಸರುಗಳನ್ನು ಅದು ದೋಷವೆಂದು ಎಣಿಸುವುದಿಲ್ಲ. ಹೀಗಾಗಿ ಲಿಂಕ್‌ನ ತಪ್ಪು ಇಂಪೋರ್ಟ್‌ನಲ್ಲಿ ‘ಅನ್‌ಡಿಫೈನ್ಡ್ ಸಿಂಬಲ್’ ಎಂದು ಹೊರಬೀಳುತ್ತದೆ. ವಿಂಡೋಸ್‌ನ ಲಿಂಕರ್ ಇದನ್ನು ಅಲ್ಲಿಯೇ ಹಿಡಿಯುತ್ತದೆ.

ಆ ಸಂದೇಶದಲ್ಲಿರುವ ಹೆಸರನ್ನು ಗಮನವಿಟ್ಟು ಓದಿ. ಅದು ‘ಪೈ’ ಎಂದು ಆರಂಭವಾದರೆ ಪೈಥಾನ್ ಆವೃತ್ತಿಯ ಹೊಂದಾಣಿಕೆ ತಪ್ಪಿದೆ. ಅಡಿಗೆರೆ ಮತ್ತು ‘ಝಡ್’ ಅಕ್ಷರದಿಂದ ಆರಂಭವಾಗಿ ಅರ್ಥವಾಗದ ಸರಮಾಲೆಯಾಗಿದ್ದರೆ ಅದು ಸಿ++ ಹೆಸರು. ‘ಸಿ++ಫಿಲ್ಟ್’ ಸಾಧನಕ್ಕೆ ಕೊಟ್ಟರೆ ಬಿಡಿಸಿ ಹೇಳುತ್ತದೆ, ಮತ್ತು ಹೆಚ್ಚಾಗಿ ‘ಎಕ್ಸ್‌ಟರ್ನ್ ಸಿ’ ಘೋಷಣೆ ಬಿಟ್ಟುಹೋಗಿರುತ್ತದೆ. ‘ಎಕ್ಸ್‌ಎಂಎಲ್’ ಮುಂತಾದ ಪರಿಚಿತ ಪೂರ್ವಪದವಿದ್ದರೆ ಬಿಟ್ಟುಹೋದ ಲೈಬ್ರರಿ ಯಾವುದೆಂದು ಅದೇ ಸೂಚಿಸುತ್ತದೆ. ಲೈಬ್ರರಿಯ ಕಡತವೇ ಸಿಗಲಿಲ್ಲ ಎಂಬ ದೋಷವಾದರೆ, ಎಸ್‌ಒ ಕಡತದ ಮೇಲೆ ‘ಎಲ್‌ಡಿಡಿ’ ಓಡಿಸಿ ‘ನಾಟ್ ಫೌಂಡ್’ ಸಾಲನ್ನು ಹುಡುಕಿ.

‘ಡೈನಮಿಕ್ ಮಾಡ್ಯೂಲ್ ಡಸ್ ನಾಟ್ ಡಿಫೈನ್ ಮಾಡ್ಯೂಲ್ ಎಕ್ಸ್‌ಪೋರ್ಟ್ ಫಂಕ್ಷನ್’ ಎಂಬ ಸಂದೇಶ ಹೆಸರಿಗೆ ಸಂಬಂಧಿಸಿದ್ದು. ಮಾಡ್ಯೂಲಿನ ಹೆಸರು ‘ದರ’ ಎಂದಾದರೆ ಸಿ ಕಡತದಲ್ಲಿ ‘ಪೈಇನಿಟ್_ದರ’ ಎಂಬ ಫಂಕ್ಷನ್ ಇರಲೇಬೇಕು, ಅದು ಸ್ಟ್ಯಾಟಿಕ್ ಆಗಿರಬಾರದು. ‘ಮಾರುಕಟ್ಟೆ.ದರ’ ಎಂದು ಪ್ಯಾಕೇಜಿನೊಳಗೆ ಇಟ್ಟರೂ ಕೊನೆಯ ಭಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಕಟ್ಟಿದ ಮೇಲೆ ಎಸ್‌ಒ ಕಡತದ ಹೆಸರು ಬದಲಿಸಿದರೆ ಈ ನಂಟು ಕಡಿಯುತ್ತದೆ. ಕನ್ನಡಿಗರಿಗೆ ಇಲ್ಲೊಂದು ವಿಶೇಷವಿದೆ: ಪೈಥಾನ್ 3.5ರಿಂದ ಮಾಡ್ಯೂಲಿನ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಇಡಬಹುದು, ಆದರೆ ಆಗ ಪೈಥಾನ್ ಹುಡುಕುವುದು ‘ಪೈಇನಿಟ್‌ಯು_’ ಎಂದು ಆರಂಭವಾಗಿ, ಹೆಸರಿನ ಪ್ಯೂನಿಕೋಡ್ ರೂಪವನ್ನು (ಬೇರೆ ಲಿಪಿಯನ್ನು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಬರೆಯುವ ರೂಪ) ಹೈಫನ್ ಬದಲು ಅಡಿಗೆರೆ ಹಾಕಿ ಸೇರಿಸಿದ ಫಂಕ್ಷನ್ನನ್ನು. ಕನ್ನಡ ಹೆಸರಿಟ್ಟು ಬರಿಯ ‘ಪೈಇನಿಟ್_’ ಬರೆದರೆ ಮಾಡ್ಯೂಲು ಲೋಡ್ ಆಗುವುದಿಲ್ಲ.

2024ರ ಜೂನ್‌ನಲ್ಲಿ ನಂಪೈ 2.0 ಬಂದ ಮೇಲೆ, 1.x ಎದುರು ಕಂಪೈಲ್ ಆದ ಮಾಡ್ಯೂಲುಗಳು ಅದರಲ್ಲಿ ನಡೆಯುವುದಿಲ್ಲ ಎಂಬ ಸಂದೇಶ ಸಾಮಾನ್ಯವಾಯಿತು. ನಂಪೈಯನ್ನು 2ಕ್ಕಿಂತ ಕೆಳಗೆ ಕಟ್ಟಿಹಾಕುವುದು ತಾತ್ಕಾಲಿಕ ಉಪಾಯ, 2.0 ಎದುರು ಮತ್ತೆ ಕಂಪೈಲ್ ಮಾಡುವುದು ಸರಿಯಾದ ಉಪಾಯ.

ತಿದ್ದಿದ ಮೇಲೂ ಅದೇ ದೋಷ ಬಂದರೆ ಹಳೆಯ ನಿರ್ಮಾಣವೇ ಮರಳಿ ಬರುತ್ತಿರಬಹುದು. ಪ್ರಾಜೆಕ್ಟ್‌ನಲ್ಲಿರುವ ‘ಬಿಲ್ಡ್’ ಡೈರೆಕ್ಟರಿಯನ್ನೂ ಉಳಿದ ಎಸ್‌ಒ ಕಡತಗಳನ್ನೂ ಅಳಿಸಿ. ಇಂಡೆಕ್ಸ್‌ನಿಂದ ತಂದ ಮೂಲ ಸಂಕೇತದಿಂದ ಪಿಪ್ ಕಟ್ಟಿದ ವ್ಹೀಲ್‌ಗಳನ್ನು ಅದು ತನ್ನ ಕ್ಯಾಶ್‌ನಲ್ಲಿ ಇಟ್ಟುಕೊಳ್ಳುವುದರಿಂದ ‘--ನೋ-ಕ್ಯಾಶ್-ಡಿರ್’ ಸೇರಿಸಿ ಓಡಿಸಿ.

ಇಂಪೋರ್ಟ್ ಆದ ಮೇಲೆ ಕುಸಿದರೆ

ಇದು ಕಂಪೈಲ್‌ನ ವಿಷಯವಲ್ಲವಾದರೂ ಒಂದೆರಡು ಮಾತು ಹೇಳಬೇಕು. ‘ಪೈಥಾನ್ -ಎಕ್ಸ್ ಫಾಲ್ಟ್‌ಹ್ಯಾಂಡ್ಲರ್’ ಎಂದು ಓಡಿಸಿದರೆ ಕುಸಿದಾಗ ಪೈಥಾನ್‌ನ ಯಾವ ಸಾಲಿನಲ್ಲಿತ್ತೆಂದು ತಿಳಿಯುತ್ತದೆ; ಸಿ ಒಳಗಿನ ಸಾಲು ಬೇಕಾದರೆ ‘-ಜಿ’ ಆಯ್ಕೆಯೊಂದಿಗೆ ಕಂಪೈಲ್ ಮಾಡಿ ಜಿಡಿಬಿ ಎಂಬ ಡೀಬಗರ್ ಬಳಸಬೇಕು. ಪೈಥಾನ್ 3.10ರಿಂದ 3.12ರವರೆಗೆ, ಆರ್ಗ್ಯುಮೆಂಟ್ ಓದುವ ಫಾರ್ಮ್ಯಾಟಿನಲ್ಲಿ ಹ್ಯಾಷ್ ಚಿಹ್ನೆ ಬಳಸುವವರು ಪೈಥಾನ್.ಎಚ್ ಸೇರಿಸುವ ಮುನ್ನ ‘ಪಿವೈ_ಎಸ್‌ಸೈಜ್_ಟಿ_ಕ್ಲೀನ್’ ಮ್ಯಾಕ್ರೋ ಬರೆದಿರಬೇಕು, ಇಲ್ಲವಾದರೆ ಸಿಸ್ಟಮ್‌ಎರರ್ ಬರುತ್ತದೆ. ಪೈಥಾನ್.ಎಚ್ ಕೂಡ ಉಳಿದೆಲ್ಲ ಹೆಡರ್‌ಗಳಿಗಿಂತ ಮೊದಲು ಬರಬೇಕು.

ಒಂದು ಸಲ ಕಟ್ಟಿ ಇಡೀ ಲ್ಯಾಬಿಗೆ ಹಂಚುವುದು

ನಿಧಾನವಾದ ಜಾಲವಿರುವ ಲ್ಯಾಬಿನಲ್ಲಿ ಪ್ರತಿ ಯಂತ್ರದಲ್ಲೂ ಕಂಪೈಲ್ ಮಾಡುತ್ತ ಕೂರಬೇಕಿಲ್ಲ. ‘ಪಿಪ್ ವ್ಹೀಲ್’ ಆಜ್ಞೆಯಿಂದ ಒಂದು ಯಂತ್ರದಲ್ಲಿ ಅವಲಂಬನೆಗಳ ಸಹಿತ ವ್ಹೀಲ್‌ಗಳನ್ನು ಒಂದು ಫೋಲ್ಡರ್‌ಗೆ ಕಟ್ಟಿ, ಪೆನ್‌ಡ್ರೈವ್‌ನಲ್ಲಿ ಒಯ್ದು, ಉಳಿದ ಯಂತ್ರಗಳಲ್ಲಿ ‘--ನೋ-ಇಂಡೆಕ್ಸ್’ ಮತ್ತು ‘--ಫೈಂಡ್-ಲಿಂಕ್ಸ್’ ಆಯ್ಕೆಗಳೊಂದಿಗೆ ಹಾಕಿಕೊಳ್ಳಬಹುದು. ಪೈಥಾನ್‌ನ ಆವೃತ್ತಿ ಎಲ್ಲ ಕಡೆ ಒಂದೇ ಇರಬೇಕು. ಅದಷ್ಟೇ ಸಾಲದು, ಉಬುಂಟು 20.04ರಲ್ಲಿರುವ ಗ್ಲಿಬ್‌ಸಿ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) 2.31, 22.04ರದು 2.35, 24.04ರದು 2.39. ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ‘ಗ್ಲಿಬ್‌ಸಿ ಆವೃತ್ತಿ ಸಿಗಲಿಲ್ಲ’ ಎಂದು ನಿಲ್ಲಬಹುದು, ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ಸಾಮಾನ್ಯವಾಗಿ ನಡೆಯುತ್ತದೆ. ಆದ್ದರಿಂದ ಲ್ಯಾಬಿನಲ್ಲಿರುವ ಅತ್ಯಂತ ಹಳೆಯ ಉಬುಂಟು ಯಂತ್ರವನ್ನೇ ವ್ಹೀಲ್ ಕಟ್ಟಲು ಆರಿಸಿಕೊಂಡು, ಬೇರೊಂದು ಯಂತ್ರದಲ್ಲಿ ಇಂಪೋರ್ಟ್ ಮಾಡಿ ನೋಡಿದ ನಂತರವೇ ಉಳಿದ ಯಂತ್ರಗಳಿಗೆ ಹಾಕಬೇಕು.